ಉರಿಗಿಂತ ಮೊದಲು ಗಾಳಿ: ತೊಗರಿ ಒಣಗಿಸುವ ಗ್ಯಾಸ್ ಡ್ರೈಯರ್ ಕೂರಿಸುವವರಿಗೆ

ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ಗಾಳಿ ಕಾಯಿಸುವ ಯಂತ್ರ ಯಾರಿಗೆ ಬೇಕು ಎಂದು ಕೇಳುವವರು ಶ್ರಾವಣದಲ್ಲಿ ಒಂದು ದಾಲ್ ಮಿಲ್ಲಿನ ಅಂಗಳಕ್ಕೆ ಹೋಗಿ ನೋಡಬೇಕು. ಬೇಳೆ ಮಾಡುವಾಗ ತೊಗರಿಯ ಸಿಪ್ಪೆಗೆ ಗೀರು ಹಾಕಿ, ಎಣ್ಣೆ ಸವರಿ, ರಾತ್ರಿಯಿಡೀ ರಾಶಿ ಹಾಕಿಟ್ಟು, ಆಮೇಲೆ ಎರಡರಿಂದ ಐದು ದಿನ ಬಿಸಿಲಿಗೆ ಹರವುತ್ತಾರೆ. ಕಾಳಿಗೂ ಸಿಪ್ಪೆಗೂ ನಡುವಿನ ಅಂಟು ಬಿಡಬೇಕಾದರೆ ಹೀಗೆ ಒಣಗಲೇಬೇಕು. ಅಂಟು ಬಿಡದ ಕಾಳನ್ನು ರೋಲರಿಗೆ ಕೊಟ್ಟರೆ ಬೇಳೆ ಕಡಿಮೆಯಾಗಿ ನುಚ್ಚು ಹೆಚ್ಚುತ್ತದೆ. ನಾಲ್ಕು ದಿನ ಮೋಡ ಕವಿದರೆ ಮಾಲು ತಾಡಪಾಲಿನಡಿ ಬೆವರುತ್ತದೆ, ಹಮಾಲರಿಗೆ ಕೆಲಸವಿರುವುದಿಲ್ಲ, ಗಿರಣಿ ನಿಲ್ಲುತ್ತದೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು; ಆ ಹೆಸರಿಗೆ ತಕ್ಕ ಬೇಳೆ ಗಿರಣಿಯಿಂದ ಹೊರಬೀಳುವುದೂ ಬೀಳದಿರುವುದೂ ಬಹುಪಾಲು ಈ ಒಣಗಿಸುವ ಹಂತದಲ್ಲೇ ತೀರ್ಮಾನವಾಗುತ್ತದೆ. ಹುಮನಾಬಾದ್ ರಸ್ತೆಯ ಕಪನೂರಿನಲ್ಲಾಗಲಿ, ಅದೇ ರಸ್ತೆಯಲ್ಲಿ ಮುಂದೆ ಸಿಗುವ ಕಮಲಾಪುರದ ಸುತ್ತಲಾಗಲಿ ಸಣ್ಣ ಘಟಕ ನಡೆಸುವವರು, ಗ್ಯಾಸಿನಿಂದ ಗಾಳಿ ಕಾಯಿಸುವ ಡ್ರೈಯರಿನ ಯೋಚನೆ ಬಂದಾಗ ಮೊದಲು ವಿಚಾರಿಸುವುದು ಬರ್ನರಿನ ಬೆಲೆಯನ್ನು, ಆಮೇಲೆ ಸಿಲಿಂಡರಿನ ದರವನ್ನು. ಈ ಯಂತ್ರದಲ್ಲಿ ಮೊದಲು ವಿಚಾರಿಸಬೇಕಾದದ್ದು ಗಾಳಿಯನ್ನು ಎಂಬುದು ನನ್ನ ವಾದ. ಉರಿಗೆ ಬೇಕಾದ ಗಾಳಿ ಎಲ್ಲಿಂದ ಬರುತ್ತದೆ, ಕಾಳಿಗೆ ಹೋಗುವ ಗಾಳಿ ಎಷ್ಟು, ಸುಟ್ಟ ಹೊಗೆ ಯಾವ ದಾರಿಯಲ್ಲಿ ಹೊರಹೋಗುತ್ತದೆ ಎಂಬ ಮೂರಕ್ಕೂ ಸರಿಯಾದ ಉತ್ತರವಿದ್ದರೆ ಉರಿಯ ಕಷ್ಟಗಳು ಬಹುಮಟ್ಟಿಗೆ ತಾವಾಗಿಯೇ ಕಡಿಮೆಯಾಗುತ್ತವೆ.

ಬಿಸಿಲು ಪುಕ್ಕಟೆ ಸಿಗುವಾಗ ದುಡ್ಡು ಸುಡುವುದೇಕೆ ಎಂಬ ಆಕ್ಷೇಪ ಗಟ್ಟಿಯಾದದ್ದೇ. ತೊಗರಿಯ ಸುಗ್ಗಿ ಡಿಸೆಂಬರ್, ಜನವರಿಯಲ್ಲಿ. ಅದಾದ ಮೇಲಿನ ನಾಲ್ಕೈದು ತಿಂಗಳು ಆಕಾಶ ಸ್ವಚ್ಛವಾಗಿರುತ್ತದೆ. ಆ ದಿನಗಳಲ್ಲಿ ಅಂಗಳ, ಆಳು ಎರಡೂ ಇರುವವರು ಬಿಸಿಲನ್ನೇ ನಂಬಲಿ. ಆದರೆ ಬಿಸಿಲಿನ ಶಾಖ ಹೊತ್ತಿಗೊಂದು ತರ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ರೂಪಿಸಿದ ಬೇಳೆ ಮಾಡುವ ವಿಧಾನದಲ್ಲಿ ಸುಮಾರು 120 ಡಿಗ್ರಿಯ ಬಿಸಿಗಾಳಿಯನ್ನು ಕಾಳಿನ ಮೂಲಕ ಸ್ವಲ್ಪ ಹೊತ್ತು ಹಾಯಿಸಿ, ಬಿಸಿ ಕಾಳನ್ನು ಕಣಜದಲ್ಲಿ ಕೆಲವು ತಾಸು ಹಾಗೇ ಬಿಟ್ಟು, ಮತ್ತೊಮ್ಮೆ ಹಾಯಿಸುತ್ತಾರೆ. ಎಣ್ಣೆಯ ಗೊಡವೆಯಿಲ್ಲದೆ ಸಿಪ್ಪೆ ಸಡಿಲವಾಗುತ್ತದೆ, ಮಳೆಗಾಲದಲ್ಲೂ ಕೆಲಸ ನಡೆಯುತ್ತದೆ, ದಿನಗಟ್ಟಲೆಯ ಕೆಲಸ ತಾಸುಗಳ ಲೆಕ್ಕಕ್ಕೆ ಇಳಿಯುತ್ತದೆ. ಆದ್ದರಿಂದ ಗ್ಯಾಸ್ ಡ್ರೈಯರನ್ನು ಬಿಸಿಲಿಗೆ ಎದುರಾಳಿ ಎಂದು ನೋಡದೆ, ಬಿಸಿಲಿಲ್ಲದ ದಿನಗಳ ಆಸರೆ ಎಂದು ಲೆಕ್ಕ ಹಾಕುವುದೇ ಸರಿ. ಬಿತ್ತನೆಗೆ ಇಟ್ಟ ತೊಗರಿಯನ್ನು ಮಾತ್ರ ಈ ಯಂತ್ರಕ್ಕೆ ಹಾಗೇ ಸುರಿಯಬಾರದು. ಬೀಜ 43 ಡಿಗ್ರಿಗಿಂತ ಹೆಚ್ಚು ಕಾದರೆ ಮೊಳಕೆಯ ಶಕ್ತಿ ಕುಂದುತ್ತದೆ.

ಯಂತ್ರದ ಅಳತೆ ತಿಳಿಯಲು ಸ್ವಲ್ಪ ಗಣಿತ ಬೇಕು, ಕಷ್ಟದ್ದೇನಲ್ಲ. ತೇವ ನೂರಕ್ಕೆ 13 ಇರುವ ಒಂದು ಟನ್ ತೊಗರಿಯನ್ನು 10ಕ್ಕೆ ಇಳಿಸಬೇಕೆಂದರೆ ತೆಗೆಯಬೇಕಾದ ನೀರು ಸುಮಾರು 33 ಕಿಲೋ. ಒಂದು ಕಿಲೋ ಎಲ್‌ಪಿಜಿಯಲ್ಲಿ ಸುಮಾರು 46 ಮೆಗಾಜೂಲ್ ಶಾಖವಿದೆ. ನೀರು ಆವಿಯಾಗಲು, ಕಾಳು ಕಾಯಲು, ಹೊರಗೆ ಸೋರಿ ಹೋಗುವುದಕ್ಕೆ ಎಲ್ಲ ಸೇರಿಸಿದರೂ ಚೆನ್ನಾಗಿ ನಡೆಯುವ ಡ್ರೈಯರಿನಲ್ಲಿ ಆ ಒಂದು ಟನ್ನಿಗೆ ಐದಾರು ಕಿಲೋ ಗ್ಯಾಸಿನಲ್ಲಿ ಕೆಲಸ ಮುಗಿಯಬೇಕು. ಅದರ ಎರಡು ಪಟ್ಟು ಸುಡುತ್ತಿದ್ದರೆ ದೋಷ ಹುಡುಕಲೇಬೇಕು. ಇನ್ನು ಗಾಳಿಯ ಲೆಕ್ಕ. ತಾಸಿಗೆ 1,000 ಘನ ಮೀಟರ್ ಗಾಳಿಯನ್ನು 60 ಡಿಗ್ರಿ ಹೆಚ್ಚಿಗೆ ಕಾಯಿಸಲು ಸುಮಾರು 20 ಕಿಲೋವ್ಯಾಟ್ ಶಾಖ, ಅಂದರೆ ತಾಸಿಗೆ ಒಂದೂವರೆ ಕಿಲೋಗಿಂತ ಸ್ವಲ್ಪ ಹೆಚ್ಚು ಗ್ಯಾಸ್ ಬೇಕು. 5,000 ಘನ ಮೀಟರಿನ ಬ್ಲೋವರ್ ಇದ್ದರೆ ಎಂಟು ಕಿಲೋ. ಮಾರಾಟಗಾರ ಬರ್ನರಿನ ಸಾಮರ್ಥ್ಯ ಮಾತ್ರ ಹೇಳಿ ಬ್ಲೋವರಿನ ಗಾಳಿ ಎಷ್ಟು ಎಂಬುದನ್ನು ಹೇಳದಿದ್ದರೆ ಅವನ ಕೊಟೇಶನ್ ಅರ್ಧ ಕೊಟೇಶನ್. ಗಾಳಿ ಕಡಿಮೆಯಿದ್ದು ಉರಿ ದೊಡ್ಡದಿದ್ದರೆ ಮೇಲಿನ ಕಾಳು ಕಂದು ಬಣ್ಣಕ್ಕೆ ತಿರುಗುತ್ತದೆ, ಒಳಗಿನದು ಹಸಿಯಾಗಿಯೇ ಉಳಿಯುತ್ತದೆ.

ಈ ಎಂಟು ಕಿಲೋ ಎಂಬ ಅಂಕಿ ನಮ್ಮನ್ನು ನೇರವಾಗಿ ಸಿಲಿಂಡರ್ ಇಡುವ ಜಾಗಕ್ಕೆ ಕರೆದೊಯ್ಯುತ್ತದೆ. ಸಿಲಿಂಡರಿನೊಳಗಿನ ದ್ರವ ಆವಿಯಾಗಲು ಹೊರಗಿನ ಶಾಖವನ್ನು ಹೀರಬೇಕು. 19 ಕಿಲೋದ ಕಮರ್ಷಿಯಲ್ ಸಿಲಿಂಡರ್ ಎಡೆಬಿಡದೆ ತಾಸಿಗೆ ಹೆಚ್ಚೆಂದರೆ ಒಂದು ಕಿಲೋ, ಚಳಿಯ ರಾತ್ರಿಯಲ್ಲಿ ಅದಕ್ಕಿಂತ ಕಡಿಮೆ ಗ್ಯಾಸ್ ಕೊಡುತ್ತದೆ. ಹೆಚ್ಚು ಎಳೆದರೆ ಸಿಲಿಂಡರಿನ ಹೊಟ್ಟೆಯ ಮೇಲೆ ಹಿಮ ಕಟ್ಟಿ ಒತ್ತಡ ಕುಸಿಯುತ್ತದೆ. ಹೀಗಾಗಿ ಎಂಟು ಕಿಲೋದ ಬರ್ನರಿಗೆ ಎಂಟು ಹತ್ತು ಸಿಲಿಂಡರುಗಳನ್ನು ಒಂದೇ ಪೈಪಿಗೆ ಜೋಡಿಸಬೇಕು, ಇಲ್ಲವೇ ದ್ರವವನ್ನೇ ಹೊರತೆಗೆದು ಬಿಸಿಮಾಡಿ ಆವಿಯಾಗಿಸುವ ವೇಪರೈಸರ್ ಬೇಕು. ಇಲ್ಲಿ ಕಾನೂನೂ ಬರುತ್ತದೆ. 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಪ್ರಕಾರ ಒಟ್ಟು 100 ಕಿಲೋ ಮೀರಿ ಎಲ್‌ಪಿಜಿ ಸಂಗ್ರಹಿಸಲು ಲೈಸೆನ್ಸ್ ಬೇಕು. ಐದು ಸಿಲಿಂಡರಿಗೆ 95 ಕಿಲೋ, ಆರನೆಯದು ಬಂದ ಕೂಡಲೇ 114. ಪೈಪಿಗೆ ಜೋಡಿಸಿದ್ದು ಐದೇ, ಉಳಿದದ್ದು ಮೂಲೆಯಲ್ಲಿ ಸುಮ್ಮನೆ ಇದೆ ಎಂಬ ಸಮಜಾಯಿಷಿ ನಡೆಯದು; ಆವರಣದೊಳಗೆ ಇರುವುದೆಲ್ಲ ಲೆಕ್ಕಕ್ಕೆ ಬರುತ್ತದೆ. ಮನೆಬಳಕೆಯ 14.2 ಕಿಲೋ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವುದು ಕಾನೂನುಬಾಹಿರ. ಸಿಲಿಂಡರುಗಳ ಜೋಡಣೆಗೆ ಭಾರತೀಯ ಮಾನಕ 6044ರ ಮೊದಲ ಭಾಗ ಇದೆ. ಫಿಟ್ಟರ್ ಅದನ್ನು ಬಲ್ಲವನೋ ಅಲ್ಲವೋ ಎಂದು ಕೆಲಸ ಒಪ್ಪಿಸುವ ಮೊದಲೇ ಕೇಳಿ. ಪೈಪ್ ಹಾಕಿ ಮುಗಿದ ಮೇಲೆ ಕೇಳಿ ಪ್ರಯೋಜನವಿಲ್ಲ.

ಜಾಗದ ವಿಷಯದಲ್ಲಿ ದಾಲ್ ಮಿಲ್ಲಿಗೇ ವಿಶೇಷವಾದ ಒಂದು ಅಪಾಯವಿದೆ. ಕಾಳನ್ನು ಮೇಲಕ್ಕೆತ್ತುವ ಎಲಿವೇಟರಿನ ಬುಡ ನೆಲಮಟ್ಟಕ್ಕಿಂತ ಕೆಳಗೆ ಗುಂಡಿಯಲ್ಲಿರುತ್ತದೆ. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ನೀರಿನಂತೆ ತಗ್ಗಿಗೆ ಹರಿದು ಆ ಗುಂಡಿಯಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ನೂರಕ್ಕೆ ಎರಡು ಭಾಗದಷ್ಟಾದರೆ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಎಲಿವೇಟರಿನ ಮೋಟಾರು, ಬೆಲ್ಟಿನ ತಿಕ್ಕಾಟ, ಹೊಟ್ಟಿನ ಸಣ್ಣ ದೂಳು ಎಲ್ಲ ಒಂದೇ ಕಡೆ ಸೇರಿರುವ ಜಾಗ ಅದು. ಆದ್ದರಿಂದ ಸಿಲಿಂಡರುಗಳು ಕಟ್ಟಡದ ಹೊರಗೆ, ನೆಲಮಟ್ಟಕ್ಕಿಂತ ಮೇಲೆ, ನಾಲ್ಕೂ ಕಡೆ ಗಾಳಿಯಾಡುವ ಜಾಲರಿಯ ಶೆಡ್ಡಿನಲ್ಲಿ, ಗುಂಡಿ ಮತ್ತು ಚರಂಡಿಯಿಂದ ದೂರ ಇರಲಿ. ಸೋರಿಕೆ ಎಚ್ಚರಿಸುವ ಯಂತ್ರ ಹಾಕುವುದಾದರೆ ಅದರ ಮೂತಿ ನೆಲದ ಸಮೀಪ ಇರಬೇಕು. ಎದೆಮಟ್ಟದಲ್ಲಿ ಗೋಡೆಗೆ ಸಿಕ್ಕಿಸಿದ ಯಂತ್ರ ತಗ್ಗಿನ ಗ್ಯಾಸನ್ನು ಹೊತ್ತು ಮೀರಿದ ಮೇಲೆಯೇ ಹೇಳುತ್ತದೆ.

ಸುಟ್ಟ ಗಾಳಿಯನ್ನೇ ಕಾಳಿಗೆ ಬಿಡುವುದೋ, ಲೋಹದ ಕೊಳವೆಗಳ ಒಳಗೆ ಉರಿಯಿಟ್ಟು ಹೊರಮೈಯನ್ನು ಸವರಿ ಹೋಗುವ ಶುದ್ಧ ಗಾಳಿಯನ್ನು ಬಿಡುವುದೋ ಎಂಬುದು ಮುಂದಿನ ತೀರ್ಮಾನ. ಮೊದಲನೆಯದು ಅಗ್ಗ, ಶಾಖದ ನಷ್ಟವೂ ಕಡಿಮೆ. ಆದರೆ ಒಂದು ಕಿಲೋ ಎಲ್‌ಪಿಜಿ ಸುಟ್ಟರೆ ಸುಮಾರು 1.6 ಕಿಲೋ ನೀರಾವಿ ಹುಟ್ಟುತ್ತದೆ. ಒಣಗಿಸಲು ಹೊರಟ ಗಾಳಿಗೆ ನಾವೇ ತೇವ ಸೇರಿಸಿದಂತಾಯಿತು. ಉರಿ ಕೆಟ್ಟ ದಿನ ಮಸಿ, ಕಾರ್ಬನ್ ಮೊನಾಕ್ಸೈಡ್ ಎರಡೂ ಬೇಳೆಯ ನಡುವೆಯೇ ಹಾಯ್ದು ಕೆಲಸಗಾರರ ಕಡೆಗೆ ಬರುತ್ತವೆ. ತಿನ್ನುವ ಕಾಳಿಗೆ ಎರಡನೆಯ ಬಗೆಯೇ ತಕ್ಕದ್ದು, ಖರ್ಚು ಹೆಚ್ಚಾದರೂ. ಆದರೆ ಅದಕ್ಕೆ ಹೊಗೆಕೊಳವೆ ಬೇಕು, ಹೊಗೆಕೊಳವೆ ಇದ್ದ ಕಡೆ ಗಾಳಿಯ ಇನ್ನೊಂದು ಸೂಕ್ಷ್ಮವೂ ಇದೆ. ಗ್ಯಾಸ್ ಸುಡಲು ಕಿಲೋಗೆ ಹನ್ನೆರಡು ಹದಿಮೂರು ಘನ ಮೀಟರ್ ಗಾಳಿ ಸಾಕು, ಎಂಟು ಕಿಲೋಗೆ ಹೆಚ್ಚೆಂದರೆ ನೂರಿಪ್ಪತ್ತು. ಪಕ್ಕದ ದೊಡ್ಡ ಬ್ಲೋವರ್ ಮಾತ್ರ ಅದೇ ಕೋಣೆಯಿಂದ ತಾಸಿಗೆ 5,000 ಘನ ಮೀಟರ್ ಎಳೆಯುತ್ತಿರುತ್ತದೆ. ಮಳೆ ಎರಚಲು ಬರುತ್ತದೆಂದು ಷಟರ್ ಎಳೆದರೆ ಕೋಣೆಯೊಳಗೆ ಗಾಳಿಯ ಒತ್ತಡ ಇಳಿದು, ಮೇಲೆ ಹೋಗಬೇಕಾದ ಹೊಗೆ ಕೊಳವೆಯಲ್ಲಿ ಹಿಂದಕ್ಕೆ ಇಳಿಯುತ್ತದೆ. ಇದಕ್ಕೆ ಮದ್ದು ಸುಲಭ: ಬ್ಲೋವರಿನ ಬಾಯಿಗೆ ತಗಡಿನ ನಾಳ ಜೋಡಿಸಿ ಹೊರಗಿನಿಂದಲೇ ಗಾಳಿ ಎಳೆಯುವಂತೆ ಮಾಡಬೇಕು, ಬರ್ನರ್ ಕೋಣೆಯ ಗೋಡೆಯಲ್ಲಿ ಕೆಳಗೊಂದು ಮೇಲೊಂದು ಮುಚ್ಚಲಾಗದ ಕಿಂಡಿ ಬಿಡಬೇಕು. ಆ ನಾಳದ ಬಾಯಿ ಹೊಟ್ಟು ಹಾರುವ ದಿಕ್ಕಿಗೆ ಇರಬಾರದು.

ಕಂಟ್ರೋಲ್ ಪ್ಯಾನೆಲ್ ಕೂಡ ಇದೇ ಕ್ರಮವನ್ನು ಹಿಡಿದು ನಡೆಯುತ್ತದೆ. ಮೊದಲು ಫ್ಯಾನ್ ತಿರುಗಬೇಕು, ಗಾಳಿ ನಿಜವಾಗಿ ಬರುತ್ತಿದೆ ಎಂದು ಒತ್ತಡದ ಸ್ವಿಚ್ ಹೇಳಬೇಕು, ಒಳಗೆ ಉಳಿದ ಗ್ಯಾಸ್ ಹೊರದಬ್ಬಲು ಒಂದಷ್ಟು ಹೊತ್ತು ಬರೀ ಗಾಳಿ ಊದಬೇಕು, ಆಮೇಲೆ ಕಿಡಿ, ಕೊನೆಗೆ ಗ್ಯಾಸಿನ ಎರಡು ಸೊಲೆನಾಯ್ಡ್ ವಾಲ್ವ್. ಉರಿ ಕಾಣದಿದ್ದರೆ ಕೆಲವೇ ಸೆಕೆಂಡುಗಳಲ್ಲಿ ಎರಡೂ ಮುಚ್ಚಿಕೊಳ್ಳಬೇಕು. ಪದೇ ಪದೇ ನಿಲ್ಲುತ್ತದೆ ಎಂಬ ಬೇಸರಕ್ಕೆ ಗಾಳಿಯ ಸ್ವಿಚ್ಚಿನ ಎರಡು ವಯರನ್ನು ಕೂಡಿಸಿ ಯಂತ್ರ ಓಡಿಸುವ ಮಿಸ್ತ್ರಿ ಆ ದಿನದ ಕೆಲಸ ಉಳಿಸಿಕೊಡುತ್ತಾನೆ, ನಿಜ. ಆದರೆ ಬ್ಲೋವರಿನ ಬೆಲ್ಟ್ ಹರಿದ ದಿನ ಆ ಯಂತ್ರಕ್ಕೆ ನಿಲ್ಲಲು ಬರುವುದಿಲ್ಲ. ಅನುಭವದ ಮಿಸ್ತ್ರಿಗೆ ಕಣ್ಣಳತೆಯೇ ಸಾಕು ಎನ್ನುವವರಿದ್ದಾರೆ. ಕಣ್ಣಿಗೆ ಉರಿಯ ಬಣ್ಣ ಕಾಣುತ್ತದೆ, ಬಣ್ಣ ಕೆಡುವ ಮೊದಲೇ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಕಾಣುವುದಿಲ್ಲ. ಅದಕ್ಕೆ ವಾಸನೆಯೂ ಇಲ್ಲ. ಮಿಸ್ತ್ರಿಯ ಕೈಗುಣವನ್ನು ಗೌರವಿಸುತ್ತಲೇ ಹೊಗೆ ಅಳೆಯುವ ಉಪಕರಣವನ್ನೂ ಕೇಳಬೇಕು.

ನಿರ್ವಹಣೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ, ಏಕೆಂದರೆ ಇಲ್ಲಿ ವೈರಿ ಒಬ್ಬನೇ: ದೂಳು. ಅದರಲ್ಲೂ ಎಣ್ಣೆ ಸವರಿದ ತೊಗರಿಯ ದೂಳು ಜಿಗುಟು. ಜಾಲರಿಗೆ, ಬ್ಲೋವರಿನ ರೆಕ್ಕೆಗೆ, ಗಾಳಿಯ ಸ್ವಿಚ್ಚಿನ ಸಣ್ಣ ನಳಿಕೆಗೆ ಅಂಟಿಕೊಂಡರೆ ಊದಿದರೆ ಹೋಗದು. ಗಿರಣಿ ಓಡುವ ದಿನಗಳಲ್ಲಿ ಜಾಲರಿಯನ್ನು ದಿನಕ್ಕೊಮ್ಮೆ ಬಿಚ್ಚಿ ಒರೆಸುವುದು, ವಾರಕ್ಕೊಮ್ಮೆ ರೆಕ್ಕೆ ಮತ್ತು ಬೆಲ್ಟ್ ನೋಡುವುದು, ತಿಂಗಳಿಗೊಮ್ಮೆ ಉರಿ ಗುರುತಿಸುವ ಕಡ್ಡಿಯನ್ನು ನಯವಾಗಿ ಉಜ್ಜುವುದು, ಪೈಪಿನ ಪ್ರತಿ ಜೋಡಣೆಗೂ ಸಾಬೂನಿನ ನೀರು ಹಚ್ಚಿ ಗುಳ್ಳೆ ನೋಡುವುದು ಇಷ್ಟನ್ನು ಗಿರಣಿಯವರೇ ಮಾಡಬಹುದು. ರಬ್ಬರ್ ಹೋಸಿನ ಮೇಲೆ ಅಚ್ಚಾದ ತಾರೀಖು ಮುಗಿದರೆ ಬದಲಿಸಿ, ನೋಡಲು ಚೆನ್ನಾಗಿದ್ದರೂ. ಉರಿ ಆರಿಸಿದ ಕೂಡಲೇ ಬ್ಲೋವರ್ ನಿಲ್ಲಿಸಬೇಡಿ. ಕೊಳವೆಗಳು ತಣಿಯುವವರೆಗೆ ಗಾಳಿ ಹರಿಯಬೇಕು, ಇಲ್ಲವಾದರೆ ಬೆಸುಗೆಯಲ್ಲಿ ಬಿರುಕು ಬಿಡುತ್ತದೆ. ಕರೆಂಟ್ ಹಠಾತ್ತನೆ ಹೋಗುವ ಊರಿನಲ್ಲಿ ಈ ಒಂದು ಕಾರಣಕ್ಕಾದರೂ ಬ್ಲೋವರಿಗೆ ಜನರೇಟರ್ ಸಂಪರ್ಕ ಇರಲಿ.

ದೋಷ ಹುಡುಕುವಾಗ ಜನ ಮೊದಲು ಕೈಹಾಕುವುದು ಗ್ಯಾಸ್ ರೆಗ್ಯುಲೇಟರಿಗೆ. ಅದನ್ನು ಕೊನೆಗೆ ಮುಟ್ಟಿ. ಲೈನ್ ದುರಸ್ತಿಯ ಮರುದಿನ ಯಂತ್ರ ಹೊತ್ತದಿದ್ದರೆ ಮೂರು ಫೇಸುಗಳ ಕ್ರಮ ಅದಲುಬದಲಾಗಿದೆಯೇ ನೋಡಿ. ಆಗ ಮೋಟಾರು ಹಿಮ್ಮುಖವಾಗಿ ತಿರುಗುತ್ತದೆ. ಈ ಬಗೆಯ ಬ್ಲೋವರ್ ಹಿಮ್ಮುಖ ತಿರುಗಿದರೂ ಗಾಳಿ ಅದೇ ಬಾಯಿಂದ ಬರುತ್ತದೆ, ಬಹಳ ಕಡಿಮೆ ಅಷ್ಟೇ. ಕೈಯೊಡ್ಡಿದವರಿಗೆ ಗಾಳಿ ಇದೆ ಅನ್ನಿಸುತ್ತದೆ, ಸ್ವಿಚ್ ಮಾತ್ರ ಒಪ್ಪುವುದಿಲ್ಲ, ಬೈಗುಳ ಬರ್ನರಿಗೆ ಬೀಳುತ್ತದೆ. ಮೋಟಾರಿನ ಮೇಲಿನ ಬಾಣದ ಗುರುತಿನ ದಿಕ್ಕಿಗೆ ತಿರುಗುತ್ತಿದೆಯೇ ನೋಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಹೊತ್ತಿಕೊಂಡು ಮರುಕ್ಷಣ ಆರಿದರೆ, ಅದರಲ್ಲೂ ಜನರೇಟರ್ ಮೇಲೆ ಮಾತ್ರ ಹಾಗಾದರೆ, ಅರ್ಥಿಂಗ್ ನೋಡಿ, ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿದೆಯೇ ನೋಡಿ. ಉರಿಯ ಮೂಲಕ ಹರಿಯುವ ಅತಿ ಸಣ್ಣ ವಿದ್ಯುತ್ತನ್ನು ಅಳೆದೇ ಪ್ಯಾನೆಲ್ ಉರಿ ಇದೆ ಎಂದು ನಂಬುವುದು, ಅರ್ಥ್ ಸರಿಯಿಲ್ಲದಿದ್ದರೆ ಕಣ್ಣೆದುರು ಉರಿ ಇದ್ದರೂ ಅದಕ್ಕೆ ಕಾಣುವುದಿಲ್ಲ. ಉರಿಯ ತುದಿ ಹಳದಿಯಾಗಿ ಓಲಾಡಿದರೆ ಗಾಳಿ ಸಾಲದು. ಉರಿ ಬರ್ನರಿನ ಬಾಯಿ ಬಿಟ್ಟು ಮೇಲೆದ್ದು ಸದ್ದು ಮಾಡಿದರೆ ಗಾಳಿಯೋ ಗ್ಯಾಸಿನ ಒತ್ತಡವೋ ಹೆಚ್ಚು. ಮೊದಲ ಎರಡು ತಾಸು ಚೆನ್ನಾಗಿ ನಡೆದು ಆಮೇಲೆ ಉರಿ ಸೊರಗಿದರೆ ಸಿಲಿಂಡರ್ ಮುಟ್ಟಿ ನೋಡಿ. ಹಿಮ ಕಟ್ಟಿದ್ದರೆ ಸಿಲಿಂಡರುಗಳ ಸಂಖ್ಯೆ ಸಾಲದು ಎಂದರ್ಥ. ಅದರ ಮೇಲೆ ಬಿಸಿನೀರು ಸುರಿಯುವುದಾಗಲಿ, ಒಲೆಯ ಪಕ್ಕ ಒಯ್ಯುವುದಾಗಲಿ ಎಂದಿಗೂ ಕೂಡದು. ಹೆಚ್ಚು ಬಿಸಿಯಾಗಿ ಯಂತ್ರ ತಾನೇ ನಿಲ್ಲುತ್ತಿದ್ದರೆ ಜಾಲರಿ ಕಟ್ಟಿದೆ, ಇಲ್ಲವೇ ಬೆಲ್ಟ್ ಜಾರುತ್ತಿದೆ. ಹೊತ್ತುವಾಗ ಧಡ್ ಎಂಬ ಸದ್ದು ಬಂದರೆ ಗ್ಯಾಸ್ ಬಂದ ಮೇಲೆ ಕಿಡಿ ತಡವಾಗುತ್ತಿದೆ. ಅಲ್ಲಿಗೇ ನಿಲ್ಲಿಸಿ ತಂತ್ರಜ್ಞರನ್ನು ಕರೆಯಬೇಕು. ಎಲ್ಲಕ್ಕಿಂತ ಗಂಭೀರವಾದ ಲಕ್ಷಣ ಇನ್ನೊಂದಿದೆ: ಶಾಂತವಾಗಿದ್ದ ಉರಿ ದೊಡ್ಡ ಬ್ಲೋವರ್ ಶುರುವಾದ ಕ್ಷಣ ಅಲುಗಾಡಿದರೆ ಅಥವಾ ಬಣ್ಣ ಬದಲಿಸಿದರೆ, ಎರಡೂ ಗಾಳಿಗಳನ್ನು ಬೇರ್ಪಡಿಸುವ ಲೋಹ ಎಲ್ಲೋ ಬಿರುಕು ಬಿಟ್ಟಿದೆ. ಆ ಯಂತ್ರ ರಿಪೇರಿಯಾಗುವವರೆಗೆ ಓಡಕೂಡದು.

ಕಮಲಾಪುರದ ಕೆಂಪು ಬಾಳೆಯೂ ಭೌಗೋಳಿಕ ಸೂಚಕ ಪಡೆದ ಬೆಳೆ, ಗಾಳಿಯೇ ಮೊದಲು ಎಂಬ ನನ್ನ ವಾದಕ್ಕೆ ಅದರಲ್ಲೊಂದು ಸಾಕ್ಷಿ ಇದೆ. ಮುಚ್ಚಿದ ಕೋಣೆಯಲ್ಲಿ ಹೊಗೆ ಹಾಕಿ ಕಾಯಿ ಹಣ್ಣು ಮಾಡುವ ಹಳೆಯ ಪದ್ಧತಿ ಕೆಲಸ ಮಾಡುವುದು ಅರೆಬರೆ ಉರಿದ ಬೆಂಕಿಯ ಹೊಗೆಯಲ್ಲಿ ಎಥಿಲೀನ್ ಇರುವುದರಿಂದ. ಗಾಳಿ ಸಾಲದೆ ಉರಿದ ಬೆಂಕಿ ಎಂಥ ಅನಿಲಗಳನ್ನು ಹುಟ್ಟಿಸುತ್ತದೆ ಎಂಬುದಕ್ಕೆ ಬೇರೆ ಪ್ರಯೋಗಶಾಲೆ ಬೇಡ. ಈಗ ಎಥಿಲೀನನ್ನೇ ಅಳತೆ ಮಾಡಿ ಬಿಡುವ ಕೋಣೆಗಳು ಬಂದಿವೆ. ಎಥಿಲೀನ್ ಹೊತ್ತಿಕೊಳ್ಳುವ ಅನಿಲವಾದ್ದರಿಂದ ಅಂಥ ಕೋಣೆಯೊಳಗೆ ಚಳಿಗಾಲದಲ್ಲೂ ತೆರೆದ ಉರಿಯ ಹೀಟರ್ ಇಡಬಾರದು. ಗಾಳಿ ಸಾಲದ ಉರಿಯ ಕಥೆ ಕೋಳಿಮರಿ ಸಾಕುವವರದ್ದೂ ಹೌದು. ಮೊದಲ ವಾರ ಮರಿಗಳಿಗೆ 32ರಿಂದ 35 ಡಿಗ್ರಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರಬಹುದು. ಡಿಸೆಂಬರಿನ ರಾತ್ರಿ ಗ್ಯಾಸ್ ಬ್ರೂಡರ್ ಹಚ್ಚಿ, ಶಾಖ ಹೋಗದಿರಲೆಂದು ನಾಲ್ಕೂ ಕಡೆ ಪರದೆ ಬಿಗಿದರೆ, ಬ್ರೂಡರೂ ಮರಿಗಳೂ ಒಂದೇ ಗಾಳಿಗೆ ಪೈಪೋಟಿ ನಡೆಸುತ್ತವೆ. ಶೆಡ್ಡಿನ ಗಾಳಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಹತ್ತು ಲಕ್ಷಕ್ಕೆ 10 ಭಾಗ ಮೀರಬಾರದು ಎಂಬುದು ಕೋಳಿಸಾಕಣೆಯವರು ಇಟ್ಟುಕೊಂಡ ಮಿತಿ. ಪರದೆಯ ಮೇಲಂಚಿನಲ್ಲಿ ಒಂದು ಗೇಣು ತೆರೆದಿಟ್ಟರೆ ಗ್ಯಾಸ್ ಸ್ವಲ್ಪ ಹೆಚ್ಚು ಹೋಗುತ್ತದೆ, ಆ ಖರ್ಚನ್ನು ಮಾಡಲೇಬೇಕು. ಮರಿಗಳು ಬ್ರೂಡರಿನಡಿ ಒಂದರ ಮೇಲೊಂದು ಬಿದ್ದರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ, ಹರಡಿಕೊಂಡೂ ಮಂಕಾಗಿದ್ದರೆ ಗಾಳಿಯ ಮೇಲೆ ಅನುಮಾನ ಪಡಿ.

ತೊಗರಿ ಹೊಟ್ಟೇ ಇರುವಾಗ ಗ್ಯಾಸ್ ಏಕೆ ಎಂಬ ಕೊನೆಯ ಆಕ್ಷೇಪಕ್ಕೂ ಉತ್ತರ ಕೊಡಬೇಕು. ಹೊಟ್ಟು, ಚುನ್ನಿ ಎರಡೂ ದನದ ಮೇವಾಗಿ ಮಾರಾಟವಾಗುತ್ತವೆ, ಆದ್ದರಿಂದ ಅದು ಪುಕ್ಕಟೆ ಉರುವಲಲ್ಲ. ಅದರ ಮಾರುಕಟ್ಟೆ ಬೆಲೆಯನ್ನು ಲೆಕ್ಕಕ್ಕೆ ಹಿಡಿದು ಹೋಲಿಸಿ. ದೊಡ್ಡ ಗಿರಣಿ, ವರ್ಷವಿಡೀ ಓಡುವ ಡ್ರೈಯರ್, ಬೂದಿ ತೆಗೆಯಲು ಆಳು ಇದ್ದರೆ ಘನ ಉರುವಲು ಲಾಭದ್ದೇ ಇರಬಹುದು. ಮಳೆಗಾಲದ ಮೂರು ತಿಂಗಳಿಗೆ, ಬೇಕಾದಾಗ ಹಚ್ಚಿ ಬೇಡವಾದಾಗ ಆರಿಸುವ, ಡಿಗ್ರಿ ಲೆಕ್ಕದಲ್ಲಿ ಹತೋಟಿ ಬೇಕಾದ ಮಧ್ಯಮ ಗಿರಣಿಗೆ ಗ್ಯಾಸೇ ಮೇಲು ಎಂಬುದು ನನ್ನ ತೀರ್ಪು. ಹಾಗೆ ತೀರ್ಮಾನಿಸಿದವರು ಜೂನ್ ಬರುವ ಮುನ್ನವೇ ಯಂತ್ರ ಬಿಚ್ಚಿಸಿ ತೊಳೆಸಿ, ಬ್ಲೋವರ್ ಓಡಿಸಿ ಗಾಳಿ ಅಳೆಸಿ, ಹೊಗೆಕೊಳವೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಷ್ಟಿದೆ ಎಂದು ನೋಡಿಸಿ, ಅಂಕಿಯನ್ನು ಪ್ಯಾನೆಲ್ಲಿನ ಬಾಗಿಲ ಮೇಲೆ ಬರೆದಿಡಿ. ಪಕ್ಕದಲ್ಲೇ ಎಲ್‌ಪಿಜಿ ಸೋರಿಕೆಯ ತುರ್ತು ಸಹಾಯವಾಣಿ 1906 ಎಂಬುದನ್ನೂ, ರಾತ್ರಿ ಪಾಳಿಯ ಹಮಾಲರಿಗೂ ಓದಲು ಬರುವಷ್ಟು ದಪ್ಪ ಅಕ್ಷರದಲ್ಲಿ ಬರೆಸಿ.